ವಾರೆಗೆರೆಗಳನ್ನು ಓದಿ ಹೇಳಿದ ಎರಡು ವರ್ಷ

ಮಗಳ ಸ್ಕೂಲ್ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾನು ಊಟದ ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿ ತೆಗೆಯುತ್ತಿದ್ದೆ. ಅದೇ ಜಾಗದಲ್ಲಿ ನನ್ನ ಗಂಡ ಲ್ಯಾಪ್‌ಟಾಪ್ ಇಡುತ್ತಿದ್ದರು. ಕುವೈತಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಮತ್ತು ಬುಧವಾರ ಅವರಿಗೆ ಮನೆಯಿಂದಲೇ ಕೆಲಸ. ಆ ಎರಡು ದಿನ ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತು ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಹೀಗೆ ಎರಡು ವರ್ಷ ಓದಿದೆ. ಓದುತ್ತಿದ್ದದ್ದು ಸಿ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ನಾನು ಕಂಪ್ಯೂಟರ್ ಕಲಿತವಳಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಕಸೂತಿ, ಟೈಪಿಂಗ್ ಮತ್ತು ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರ ಬರೆಯುವುದನ್ನು ಕಲಿತು, ಮದುವೆಯಾಗಿ ಕುವೈತಿಗೆ ಬಂದವಳು.

ಅವರ ಕಣ್ಣಿನ ನಡುಭಾಗ ಸವೆಯುತ್ತಿತ್ತು. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕೆಂದು ನೋಡಿದ್ದು ಮಾತ್ರ ಕಾಣುವುದಿಲ್ಲ. ನನ್ನ ಮುಖ ಕಾಣಬೇಕಾದರೆ ಅವರು ನನ್ನ ಕಿವಿಯ ಓಲೆಯತ್ತ ನೋಡುತ್ತಾರೆ. ಅನ್ನದ ತಟ್ಟೆಯಲ್ಲಿ ಮೀನಿನ ಮುಳ್ಳು ಹುಡುಕುವಾಗ ತಲೆಯನ್ನು ಸ್ವಲ್ಪ ಓರೆ ಮಾಡುತ್ತಾರೆ. ಇದಕ್ಕೆ ಮದ್ದಿಲ್ಲ, ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಅವರಿಗೆ ಐವತ್ತಮೂರು. ಆ ದಿನ ಆಸ್ಪತ್ರೆಯಿಂದ ಮಂಗಾಫಿನ ನಮ್ಮ ಫ್ಲಾಟಿಗೆ ಬರುವ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ಆಫೀಸಿನಲ್ಲಿ ಗೊತ್ತಾಗಬಾರದು."

ಯಾಕೆ ಗೊತ್ತಾಗಬಾರದೆಂದು ನನಗೆ ಹೇಳಬೇಕಾಗಿರಲಿಲ್ಲ. ಇಲ್ಲಿ ಕೆಲಸ ಇದ್ದರೆ ಇಕಾಮಾ, ಅಂದರೆ ಇರುವುದಕ್ಕೆ ಅನುಮತಿ. ಅವರ ಇಕಾಮಾದ ಬೆನ್ನಿಗೆ ನನ್ನದು ಮತ್ತು ಮಗಳದು. ಮಗಳು ಇಲ್ಲೇ ಹುಟ್ಟಿದವಳು. ಆಗ ಹತ್ತನೇ ಕ್ಲಾಸು. ಹನ್ನೆರಡು ಮುಗಿಯುವವರೆಗೆ ಹೇಗಾದರೂ ತಳ್ಳಬೇಕು ಎಂದು ನಾವು ಬಾಯಿಬಿಟ್ಟು ಆಡಿಕೊಳ್ಳದೆಯೇ ತೀರ್ಮಾನಿಸಿದ್ದೆವು.

ಅವರ ಕಂಪನಿ ಅಹ್ಮದಿಯಲ್ಲಿ. ತೈಲ ಬಾವಿಗಳ ಹತ್ತಿರ ವಿಷಾನಿಲ ಸೋರಿದರೆ ಕೂಗುವ ಅಲಾರಂ ಪೆಟ್ಟಿಗೆಗಳನ್ನು ಮಾಡಿಕೊಡುವ ಗುತ್ತಿಗೆ ಕಂಪನಿ. ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುವುದು ನನ್ನ ಗಂಡನ ಕೆಲಸ. ಪೆಟ್ಟಿಗೆಗೆ ಒಂದು ಸಣ್ಣ ಪರದೆ ಉಂಟು. ಗಾಳಿ ಬರುವ ದಿಕ್ಕಿಗೆ ನಡೆಯಿರಿ, ಇಂಥ ಗುಂಡಿ ಒತ್ತಿರಿ, ಇಂಥ ಬಾಗಿಲು ತೆಗೆಯಬೇಡಿ ಎಂದು ಅದರಲ್ಲಿ ಬರಬೇಕು. ಆ ಮಾತುಗಳನ್ನು ಸುರಕ್ಷಾ ವಿಭಾಗದವರು ಬರೆದು ಕೊಡುತ್ತಾರೆ. ಅವು ಒಂದಕ್ಷರವೂ ತಪ್ಪದೆ ಪ್ರೋಗ್ರಾಮಿನೊಳಗೆ ಇವೆಯೆಂದು ಸಾಲುಸಾಲಾಗಿ ಓದಿ ನೋಡಿ ಇವರು ಸಹಿ ಹಾಕಬೇಕು. ಲೆಕ್ಕಾಚಾರದ ಭಾಗವನ್ನು ಅವರು ಅಕ್ಷರ ದೊಡ್ಡದು ಮಾಡಿಕೊಂಡು, ಉಳಿದದ್ದನ್ನು ನೆನಪಿನಿಂದ ನಡೆಸುತ್ತಿದ್ದರು. ಕಷ್ಟವಾದದ್ದು ಈ ಮಾತುಗಳ ಭಾಗ.

ಅದು ಯಾಕೆ ಕಷ್ಟವೆಂದು ನನಗೆ ಮೊದಲ ವಾರವೇ ತಿಳಿಯಿತು. ಸಿ ಭಾಷೆಯಲ್ಲಿ ಇಂಥ ಮಾತನ್ನೆಲ್ಲ ಎರಡು ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಮಾತಿನೊಳಗೆ ಮತ್ತೊಂದು ಉದ್ಧರಣ ಚಿಹ್ನೆ ಬಂದರೆ, ಮಾತು ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಹಾಗೆ ತಿಳಿಯಬಾರದೆಂದು ಅದಕ್ಕೆ ಮೊದಲು ಎಡಕ್ಕೆ ವಾಲಿದ ಒಂದು ಗೆರೆ ಎಳೆಯಬೇಕು. ಆ ಗೆರೆಯೇ ಮಾತಿನಲ್ಲಿ ಬೇಕಿದ್ದರೆ ಎರಡು ಗೆರೆ. ಸಾಲು ಮುಗಿದಲ್ಲೆಲ್ಲ ಒಂದು ಗೆರೆ ಮತ್ತು ಎನ್ ಎಂಬ ಅಕ್ಷರ. ಹೀಗೆ, ಯಾರೋ ಪುಣ್ಯಾತ್ಮರು ಅಚ್ಚುಕಟ್ಟಾಗಿ ಬರೆದುಕೊಟ್ಟ ಒಂದು ಪುಟ, ಪ್ರೋಗ್ರಾಮಿನೊಳಗೆ ಬರುವಾಗ ಮೈಯೆಲ್ಲ ಮುಳ್ಳು ಚುಚ್ಚಿಕೊಂಡು ಬಂದಂತೆ ಕಾಣುತ್ತಿತ್ತು.

ನಮ್ಮ ಮನೆಮಾತು ಕೊಂಕಣಿ. ಈ ಓದು ಮಾತ್ರ ಮೊದಲಿನಿಂದಲೂ ಕನ್ನಡದಲ್ಲೇ ನಡೆಯಿತು. ಅವರು ಕನ್ನಡ ಶಾಲೆಯಲ್ಲಿ ಕಲಿತವರು, ಎಣಿಸುವುದು ಈಗಲೂ ಕನ್ನಡದಲ್ಲೇ. ಮೊದಲ ದಿನ ನಾನು ಶಾಲೆಯ ಡಿಕ್ಟೇಶನ್ ನೆನಪಿನಲ್ಲಿ "ಬ್ಯಾಕ್‌ಸ್ಲಾಶ್, ಇನ್ವರ್ಟೆಡ್ ಕಾಮಾಸ್" ಎಂದು ಸ್ಪಷ್ಟವಾಗಿ ಶುರುಮಾಡಿದೆ.

"ಅಷ್ಟು ಉದ್ದ ಹೇಳಿದ್ರೆ ನಾನು ರಿಟೈರ್ ಆಗುವಾಗ ಈ ಪುಟ ಮುಗೀತದೆ, ಮಾರಾಯ್ತಿ," ಎಂದರು.

"ಹಾಗಾದ್ರೆ ಎಂತ ಹೇಳ್ಬೇಕು?"

"ಗೆರೆಗೆ ವಾರೆ. ಕಾಮಾಕ್ಕೆ ಜೋಡಿ. ಸಾಕು."

ಅಲ್ಲಿಂದ ನಮ್ಮ ಅಡುಗೆಮನೆಯ ಪಕ್ಕದಲ್ಲಿ ವಾರೆ ಜೋಡಿ, ವಾರೆ ವಾರೆ, ವಾರೆ ಎನ್ ಎಂಬ ಜಪ ನಡೆಯಿತು. ನಾನು ಬೀನ್ಸಿನ ನಾರು ತೆಗೆಯುತ್ತಾ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಚ್ಚಿದ ಕಣ್ಣಿನ ರೆಪ್ಪೆ ಅದುರುತ್ತಾ ಇರುತ್ತಿತ್ತು. ತಪ್ಪು ಇದ್ದಲ್ಲಿ ಅವರ ಬಲಗೈಯ ಹೆಬ್ಬೆರಳು ಮೇಜನ್ನು ಒಮ್ಮೆ ತಟ್ಟುತ್ತಿತ್ತು. ಪುಟ ಮುಗಿದ ಮೇಲೆ ನಾನು ಅವರ ಕೈ ಹಿಡಿದು ಸಹಿಯ ಜಾಗ ತೋರಿಸುತ್ತಿದ್ದೆ. ಒಮ್ಮೆ ಕೇಳಿದೆ, "ಓದಿ ನೋಡಿದ್ದೇನೆ ಅಂತ ಸಹಿ ಹಾಕ್ತೀರಿ. ಇದು ಸುಳ್ಳಲ್ವಾ?"

"ಓದಿದ್ದು ನೀನು, ಕೇಳಿದ್ದು ನಾನು. ಒಬ್ಬ ಮನುಷ್ಯನಿಗೆ ಇರ್ಬೇಕಾದ ಕಣ್ಣು ಕಿವಿ ಎಲ್ಲ ಈ ಮೇಜಲ್ಲಿ ಉಂಟಲ್ಲ?"

ನಾನು ನಕ್ಕೆ. ಆದರೆ ಅದು ನನ್ನೊಳಗೆ ಇಳಿಯಲಿಲ್ಲ. ಶುಕ್ರವಾರ ಅಹ್ಮದಿಯ ಚರ್ಚಿನಲ್ಲಿ ಪಾಪ ನಿವೇದನೆಗೆ ಮೊಣಕಾಲೂರಿದಾಗ ಬಾಯಿತುದಿಗೆ ಬರುತ್ತಿತ್ತು. ಹೇಳುತ್ತಿರಲಿಲ್ಲ. ಕೋಪ, ಆಲಸ್ಯ, ನೆರೆಮನೆಯವರ ಬಗ್ಗೆ ಸಣ್ಣ ಮಾತು, ಇವನ್ನೇ ಹೇಳಿ ಎದ್ದು ಬರುತ್ತಿದ್ದೆ.

ಮನೆಯ ಹೊರಗೆ ವಿಷಯ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅದೇ ಕಂಪನಿಯ ಖರೀದಿ ವಿಭಾಗದಲ್ಲಿರುವ ಬ್ಯಾರಿಯವರು, ಬಂಟ್ವಾಳ ಕಡೆಯವರು, ನಮ್ಮ ಕಟ್ಟಡದ ಕೆಳಗಿನ ಮಹಡಿ. ಇವರು ಕಾರು ಓಡಿಸುವುದನ್ನು ಬಿಟ್ಟ ಮೇಲೆ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದವರು ಅವರೇ. ಕೇಳಿದವರಿಗೆಲ್ಲ "ಪೊರ್ಬುಗಳಿಗೆ ಪೆಟ್ರೋಲ್ ಉಳಿಸುವ ಹುಚ್ಚು" ಎಂದು ಹೇಳುತ್ತಿದ್ದರಂತೆ. ನಮ್ಮೂರ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ.

ಮಗಳು ಹನ್ನೆರಡಕ್ಕೆ ಬಂದ ವರ್ಷ, ಒಂದು ಶನಿವಾರ, ಅವಳು ತನ್ನ ಅಪ್ಪನ ಲ್ಯಾಪ್‌ಟಾಪಿನಲ್ಲಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಹಾಕಿದಳು. ಪತ್ರಿಕೆಯ ಸುದ್ದಿಯನ್ನು ಅದು ಚೆನ್ನಾಗಿ ಓದಿತು. ಇವರ ಮುಖ ಅರಳಿತು. ಆಮೇಲೆ ಪ್ರೋಗ್ರಾಮಿನ ಪುಟ ತೆರೆದರು. ಒಂದು ಸಲ ಅದು ಗೆರೆಗಳನ್ನೆಲ್ಲ ನುಂಗಿ ಓದಿತು. ಹಾಗೆ ಬಿಡಬೇಡ ಎಂದು ಒತ್ತಾಯಿಸಿದಾಗ ಬ್ಯಾಕ್‌ಸ್ಲಾಶ್ ಬ್ಯಾಕ್‌ಸ್ಲಾಶ್ ಎಂದು ಒಂದೇ ಸಮನೆ ಹೇಳತೊಡಗಿತು. ನಡುವೆ ಮಾತು ಎಲ್ಲಿತ್ತೆಂದು ತಿಳಿಯಲಿಲ್ಲ.

ಮಗಳು ಕುರ್ಚಿಯ ಬೆನ್ನಿಗೆ ಒರಗಿ, "ಡ್ಯಾಡ್, ಪೈಥಾನ್‌ನಲ್ಲಿ ಜಸ್ಟ್ ಒಂದು ಆರ್ ಹಾಕಿದ್ರೆ ಸಾಕು. ಎವ್ರಿಥಿಂಗ್ ಸ್ಟೇಸ್ ಆಸ್ ಇಟ್ ಈಸ್," ಎಂದಳು. ಅವಳ ಶಾಲೆಯಲ್ಲಿ ಕಲಿಸುವುದು ಆ ಭಾಷೆ.

"ಗೊತ್ತುಂಟು ಮಗಾ. ಸಿಯಲ್ಲಿ ಅದು ಇಲ್ಲ."

"ವೈ ನಾಟ್?"

"ಕೊಡಬೇಕಾದವರು ಕೊಡಲಿಲ್ಲ."

ಆಮೇಲೆ ಅವರು ನನ್ನನ್ನು ಕರೆದು ಒಂದೇ ಪುಟವನ್ನು ಎರಡು ರೀತಿಯಲ್ಲಿ ತೋರಿಸಿದರು. ಎಡಗಡೆ ನಾನು ದಿನವೂ ಓದುವ ಮುಳ್ಳುಬೇಲಿ. ಬಲಗಡೆ ಅದೇ ಮಾತು, ಮೊದಲಲ್ಲಿ ಒಂದು ಗುರುತು, ಕೊನೆಯಲ್ಲಿ ಒಂದು ಗುರುತು, ನಡುವೆ ಒಂದೇ ಒಂದು ವಾರೆಗೆರೆ ಇಲ್ಲ. ಸುರಕ್ಷಾ ವಿಭಾಗದವರು ಬರೆದಂತೆಯೇ, ಸಾಲು ಮುರಿದಲ್ಲಿ ಸಾಲು ಮುರಿದು, ಉದ್ಧರಣ ಚಿಹ್ನೆ ಇದ್ದಲ್ಲಿ ಬರೀ ಉದ್ಧರಣ ಚಿಹ್ನೆ. ಇದಕ್ಕೆ ರಾ ಸ್ಟ್ರಿಂಗ್ ಎನ್ನುತ್ತಾರಂತೆ. ಸಿಯ ತಮ್ಮನಂತಿರುವ ಇನ್ನೊಂದು ಭಾಷೆಗೆ ಅದು ಬಂದು ಎಷ್ಟೋ ಕಾಲವಾಯಿತಂತೆ. ಸಿ ಭಾಷೆಯ ನಿಯಮದಲ್ಲಿ ಇನ್ನೂ ಇಲ್ಲ. ಆದರೆ ಹೊಸ ಕೆಲವು ಕಂಪೈಲರುಗಳು, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಸಾಧನಗಳು, ನಿಯಮದಲ್ಲಿ ಇಲ್ಲದಿದ್ದರೂ ಅದನ್ನು ಒಪ್ಪಿಕೊಳ್ಳುತ್ತವೆ. ಇವರ ಆಫೀಸಿನದು ಹಳೆಯದು, ಒಪ್ಪುವುದಿಲ್ಲ. ಅದನ್ನು ಮಾಡಿದವರಿಗೆ ಇವರು ಎರಡು ಸಲ ಕೇಳಿ ಬರೆದಿದ್ದರು. ನಿಮ್ಮ ಕೋರಿಕೆಯನ್ನು ಗಮನಿಸಿದ್ದೇವೆ, ಸದ್ಯಕ್ಕೆ ಅಂಥ ಯೋಜನೆ ಇಲ್ಲ ಎಂದು ಎರಡೂ ಸಲ ಒಂದೇ ಉತ್ತರ.

"ಇದು ಸಿಕ್ಕಿದ್ರೆ ಆ ಸಾಫ್ಟ್‌ವೇರೇ ನನಗೆ ಓದಿ ಹೇಳ್ತದೆ," ಎಂದರು. "ಕಣ್ಣು ಪೂರ್ತಿ ಹೋದ್ರೂ ಒಂದೆರಡು ವರ್ಷ ದೂಡ್ಬಹುದು. ನಿನಗೂ ಬಿಡುಗಡೆ."

"ನನ್ನ ಕೆಲಸ ಹೋಗ್ತದಲ್ಲ ಹಾಗಾದ್ರೆ."

"ನಿನಗೆ ಬೀನ್ಸ್ ಉಂಟು."

ಅವರು ಅಷ್ಟು ಹಗುರಾಗಿ ಮಾತಾಡಿದ್ದನ್ನು ಕೇಳಿ ಬಹಳ ದಿನವಾಗಿತ್ತು.

ಸೋಮವಾರ ಸಂಜೆ ಬ್ಯಾರಿಯವರು ಇವರನ್ನು ಬಿಡಲು ಮೇಲೆ ಬಂದಾಗ ಈ ಮಾತು ಎದ್ದಿತು. ಅವರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, "ಎಂತದು ಪೊರ್ಬುಗಳೇ, ಕಂಪೈಲರಾ? ಅದರ ಫೈಲು ನನ್ನ ಟೇಬಲಲ್ಲೇ ಉಂಟು ಮಾರಾಯ್ರೆ," ಎಂದರು. "ಹಳೇದರ ಲೈಸೆನ್ಸ್ ಈ ತಿಂಗಳು ಮುಗೀತದೆ. ಹಳೇದನ್ನೇ ತೆಗೀಬೇಕಾ ಹೊಸದಾ ಅಂತ ಮುದೀರ್ ಕೇಳ್ತಾ ಇದ್ದಾರೆ. ಹೇಳುವವರೇ ಇಲ್ಲ. ನೀವೊಂದು ಕಾಗದ ಬರೀರಿ. ಈ ವಾರದೊಳಗೆ. ಆಮೇಲೆ ಖಲಾಸ್."

ಮುದೀರ್ ಎಂದರೆ ಅವರ ಮ್ಯಾನೇಜರು, ಜೋರ್ಡಾನಿನವರು. ಮಗಳ ಮೊದಲ ಪರಮ ಪ್ರಸಾದದ ದಿನ ಖರ್ಜೂರದ ಡಬ್ಬಿ ಕಳಿಸಿದ್ದವರು. ಒಳ್ಳೆಯ ಮನುಷ್ಯ ಎಂದೇ ನಾನು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ.

ಪತ್ರಗಳನ್ನು ಬರೆಯುವುದು ಯಾವಾಗಲೂ ನಾನೇ. ಮದುವೆಯಾದಾಗಿನಿಂದ ಅವರ ರಜೆಯ ಅರ್ಜಿ, ಮನೆ ಮಾಲೀಕರಿಗೆ ದೂರು, ಶಾಲೆಗೆ ಬರೆಯುವ ಚೀಟಿ, ಎಲ್ಲವೂ ನನ್ನ ಇಂಗ್ಲಿಷಿನಲ್ಲಿ. ಅದು ನನ್ನ ಒಂದೇ ಜಂಬ ಎಂದರೂ ಸರಿ. ಬುಧವಾರ ಬೆಳಿಗ್ಗೆ ಅವರು ಕಣ್ಣು ಮುಚ್ಚಿ ಹೇಳಿದರು, ನಾನು ಟೈಪ್ ಮಾಡಿದೆ. ಮೂರೇ ಸಾಲು. ಹೊಸ ಕಂಪೈಲರಿನಲ್ಲಿ ಪಠ್ಯವನ್ನು ಇದ್ದಂತೆಯೇ ಇಡಬಹುದು. ಆದ್ದರಿಂದ ತಪ್ಪು ಕಡಿಮೆಯಾಗುತ್ತದೆ, ಪರಿಶೀಲನೆಯ ಸಮಯ ಉಳಿಯುತ್ತದೆ. ದಯವಿಟ್ಟು ಹೊಸದನ್ನೇ ತರಿಸಬೇಕು.

"ಇಷ್ಟೇ?" ಎಂದೆ.

"ಇಷ್ಟೇ. ಬ್ಯಾರಿ ಹೇಳಿದ ಹಾಗೆ, ಕೇಳಿದ್ದಕ್ಕೆ ಉತ್ತರ. ಕಳಿಸಿಬಿಡು."

ಅವರು ಸ್ನಾನಕ್ಕೆ ಹೋದರು. ನಾನು ಆ ಮೂರು ಸಾಲುಗಳನ್ನು ನೋಡುತ್ತಾ ಕೂತೆ. ಬಚ್ಚಲಿನಲ್ಲಿ ಅವರು ತಂಬಿಗೆ ಹುಡುಕಿ ತಡವುವ ಸದ್ದು ಕೇಳುತ್ತಿತ್ತು. ಪತ್ರ ನನಗೆ ಬರೀ ಎಲುಬಿನಂತೆ ಕಂಡಿತು. ನಮಗೆ ಪತ್ರಲೇಖನ ಕಲಿಸಿದ ಸಿಸ್ಟರ್, ಕಾರಣ ಹೇಳದೆ ಕೇಳುವುದು ಕೇಳುವುದಲ್ಲ, ಅದು ಆಜ್ಞೆ ಎನ್ನುತ್ತಿದ್ದರು. ನಿಮ್ಮ ಸ್ವಂತದ ಕಾರಣವನ್ನು ವಿನಯದಿಂದ, ನಿಜವಾಗಿ, ಒಂದು ವಾಕ್ಯದಲ್ಲಿ ಬರೆಯಿರಿ, ಓದುವವರೂ ಮನುಷ್ಯರೇ ಎಂದೂ ಹೇಳುತ್ತಿದ್ದರು. ಹಾಗೆ ಬರೆಯದ ಅರ್ಜಿಗೆ ಅವರು ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆಯುತ್ತಿದ್ದರು. ನನ್ನ ಅರ್ಜಿಗಳಿಗೆ ಎಂದೂ ಎಳೆಯಬೇಕಾಗಿ ಬರಲಿಲ್ಲ.

ನಾನು ಒಂದು ವಾಕ್ಯ ಸೇರಿಸಿದೆ. ನನ್ನ ದೃಷ್ಟಿ ಕುಂದುತ್ತಿರುವುದರಿಂದ, ಈ ಅನುಕೂಲ ದೊರೆತರೆ ಇನ್ನೂ ಹಲವು ವರ್ಷ ತಮ್ಮಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸಬಲ್ಲೆನೆಂದು ನಂಬಿದ್ದೇನೆ. ಬರೆದು ಒಮ್ಮೆ ಓದಿಕೊಂಡೆ. ಚೆಂದವಾಗಿತ್ತು. ಎರಡು ವರ್ಷ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಸರಿದಂತಾಯಿತು. ಕುಂದುತ್ತಿದೆ ಎಂದರೆ ಹೋಗಿದೆ ಎಂದಲ್ಲವಲ್ಲ, ಐವತ್ತು ದಾಟಿದ ಯಾರಿಗೆ ಕುಂದುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಹೆಸರಿನಲ್ಲಿ ಕಳಿಸಿದೆ.

ತಲೆ ಒರೆಸಿಕೊಳ್ಳುತ್ತಾ ಬಂದು, "ಕಳಿಸಿದ್ಯಾ?" ಎಂದರು.

"ಹ್ಞೂಂ, ಕಳಿಸಿದೆ."

ಮತ್ತೊಮ್ಮೆ ಓದಿ ಹೇಳು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಓದುತ್ತಿದ್ದೆ ಎಂದು ಹಲವು ಸಲ ಅಂದುಕೊಂಡಿದ್ದೇನೆ.

ನಾಲ್ಕು ದಿನ ನಮ್ಮ ಮನೆಯಲ್ಲಿ ಹಬ್ಬದ ಮುಂಚಿನ ಗಾಳಿ ಇತ್ತು. ಶುಕ್ರವಾರ ಪೂಜೆ ಮುಗಿಸಿ ಫಹಾಹೀಲಿನ ಮೀನು ಮಾರ್ಕೆಟಿಗೆ ಹೋದೆವು. ಅವರು ಝುಬೈದಿ ಮೀನಿನ ಕಿವಿರನ್ನು ಬೆರಳಿನಿಂದ ಎತ್ತಿ ಮೂಸಿ ನೋಡಿ ಆರಿಸಿದರು. ಕಣ್ಣಿಲ್ಲದಿದ್ದರೂ ಮೀನಿನ ವಿಷಯದಲ್ಲಿ ತಮಗೆ ಯಾರೂ ಮೋಸ ಮಾಡಲಾರರು ಎಂದು ನನ್ನ ಕಿವಿಯಲ್ಲಿ ಹೇಳಿದರು. ಮಗಳು ಪರೀಕ್ಷೆಯ ಪುಸ್ತಕ ಬಿಟ್ಟು ಬಂದು ತಟ್ಟೆಯ ಮುಂದೆ ಕೂತಳು. ಪತ್ರದ ವಿಷಯ ನನಗೆ ಒಮ್ಮೆಯೂ ಭಯವಾಗಿ ನೆನಪಾಗಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು.

ಸೋಮವಾರ ಅವರು ಮಧ್ಯಾಹ್ನಕ್ಕೇ ಮನೆಗೆ ಬಂದರು. ಬಾಗಿಲು ತೆರೆದಾಗ ಬ್ಯಾರಿಯವರು ಅವರ ಹಿಂದೆ ನಿಂತಿದ್ದರು, ಕೈಯಲ್ಲಿ ಇವರ ಊಟದ ಡಬ್ಬಿ. ಡಬ್ಬಿ ತುಂಬಿಯೇ ಇತ್ತು, ಹಿಡಿದ ಭಾರದಲ್ಲೇ ಗೊತ್ತಾಯಿತು.

"ಬಾಯಮ್ಮ, ಒಳಗೆ ಹೋಗುವ," ಎಂದರು ಬ್ಯಾರಿಯವರು. ಆದರೆ ಅವರು ಒಳಗೆ ಬರಲಿಲ್ಲ. ಚಪ್ಪಲಿಯ ಹತ್ತಿರವೇ ನಿಂತರು.

ನನ್ನ ಗಂಡ ತಮ್ಮ ಕುರ್ಚಿಯಲ್ಲಿ ಕೂತರು. "ಮುದೀರ್ ಕರೆದ್ರು," ಎಂದರು. "ಕೂರಿಸಿ ಜ್ಯೂಸ್ ತರಿಸಿದ್ರು. ಕಂಪೈಲರ್ ಓಕೆ ಅಂದ್ರು. ಆಮೇಲೆ ಕೇಳಿದ್ರು, ಕಣ್ಣಿಗೆ ಎಂತ ಅಂತ."

ನಾನು ನಿಂತೇ ಇದ್ದೆ.

"ನಾನು ಹೇಳಿದೆ, ಕಣ್ಣಿಗೆ ಏನಿಲ್ಲ ಸರ್. ಅವರು ಕಾಗದ ಕೈಯಲ್ಲಿ ಕೊಟ್ಟು, ನೀವೇ ಬರ್ದಿದ್ದೀರಲ್ಲ, ಓದಿ ಅಂದ್ರು. ನನಗೆ ಎಲ್ಲಿ ಕಾಣ್ತದೆ. ಸುಮ್ಮನೆ ಹಿಡ್ಕೊಂಡು ಕೂತೆ. ಕಾಗದ ತಲೆಕೆಳಗಾಗಿತ್ತಂತೆ."

ಬ್ಯಾರಿಯವರು ಬಾಗಿಲಿನಿಂದ ನೆಲ ನೋಡುತ್ತಿದ್ದರು.

"ಆಮೇಲೆ ಅವರೇ ಓದಿದ್ರು. ಚೆಂದ ಓದಿದ್ರು," ಎಂದರು ಇವರು. ತಲೆ ಓರೆ ಮಾಡಿ ನನ್ನ ಓಲೆಯತ್ತ ನೋಡಲಿಲ್ಲ. ನೇರ ನನ್ನ ಮುಖದ ಕಡೆಗೇ ನೋಡಿದರು. ಅಂದರೆ ನನ್ನನ್ನು ನೋಡದಿರಲು ನೋಡಿದರು. "ನೀನು ಕಳಿಸಿದ್ದನ್ನು ಒಮ್ಮೆ ಓದು ನೋಡುವ. ಪೂರ್ತಿ."

ನಾನು ಲ್ಯಾಪ್‌ಟಾಪ್ ತೆರೆದು ಓದಿದೆ. ಮೂರು ಸಾಲು ಅವರದು, ನಾಲ್ಕನೆಯದು ನನ್ನದು. ನಾಲ್ಕನೆಯದನ್ನು ಓದುವಾಗ ನನ್ನ ಉಚ್ಚಾರ ಎಲ್ಲೂ ಎಡವಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು.

"ಕಾರಣ ಬರೀಬೇಕಲ್ಲ ಅಂತ," ಎಂದೆ.

"ಬೇಕಿರಲಿಲ್ಲ," ಎಂದರು. ಧ್ವನಿ ಏರಲಿಲ್ಲ. ಬ್ಯಾರಿಯವರು ಆಗ ಗಂಟಲು ಸರಿಪಡಿಸಿಕೊಂಡು ಹೇಳಿದರು, "ಬಾಯಮ್ಮ, ಮೊದಲಿನ ಮೂರು ಸಾಲಿಗೇ ಅವರು ಓಕೆ ಬರೆದಾಗಿತ್ತು. ಆ ಕಾಗದದಲ್ಲಿ ಅಲ್ಲಿಗೇ ಸಹಿ ಉಂಟು. ಆಮೇಲೆ ಕೊನೇದು ಓದಿದ್ದು." ಹೇಳಿದ ಮೇಲೆ, ಹೇಳಬಾರದಿತ್ತೋ ಏನೋ ಎಂಬಂತೆ ಡಬ್ಬಿಯನ್ನು ಒಳಗಿಟ್ಟು ಮೆಟ್ಟಿಲಿಳಿದು ಹೋದರು.

ಪ್ರಾಣದ ಜವಾಬ್ದಾರಿ ಇರುವ ಪುಟಗಳಿಗೆ ಕಣ್ಣು ಕಾಣದವರು ಸಹಿ ಹಾಕುವಂತಿಲ್ಲ. ಮ್ಯಾನೇಜರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಂಪನಿಯ ಡಾಕ್ಟರು ದೀಪ ಹಿಡಿದು ನೋಡಿದರು, ಗೋಡೆಯ ಅಕ್ಷರ ಓದಲು ಹೇಳಿದರು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಬಾಗಿಲ ಸಂದಿಯಿಂದ ಗೋಡೆಯ ಪಟ ನನಗೆ ಕಾಣುತ್ತಿತ್ತು, ಕೊನೆಯ ಸಾಲಿನವರೆಗೂ. ಒಳಗೆ ಅವರು ಮೊದಲ ಅಕ್ಷರ ಹೇಳಿ ನಿಂತರು. ನನ್ನ ಬಾಯಿ ತನ್ನಷ್ಟಕ್ಕೆ ಉಳಿದದ್ದನ್ನು ಓದುತ್ತಿತ್ತು, ಸದ್ದಿಲ್ಲದೆ.

ಅವರು ಸಹಿ ಹಾಕಿದ್ದ ಹಳೆಯ ಪುಟಗಳನ್ನೆಲ್ಲ ಇಬ್ಬರನ್ನು ಕೂರಿಸಿ ಮತ್ತೆ ಓದಿಸಿದರಂತೆ. ಒಂದು ವಾರೆಗೆರೆಯೂ ತಪ್ಪಿರಲಿಲ್ಲವಂತೆ. ಅದನ್ನು ಬ್ಯಾರಿಯವರು ಬಂದು ಹೇಳಿದಾಗ ಇವರು "ಹೌದಾ" ಎಂದರು, ಅಷ್ಟೇ. ಹೊಸ ಕಂಪೈಲರ್ ಬಂತು. ಅದರಲ್ಲಿ ರಾ ಸ್ಟ್ರಿಂಗ್ ನಡೆಯುತ್ತದೆಯೇ ಎಂದು ಇವರು ಕೇಳಿದರು. ನಡೆಯುತ್ತದೆ, ಈಗ ಎಲ್ಲರೂ ಹಾಗೆಯೇ ಬರೆಯುತ್ತಿದ್ದಾರೆ, ಕೆಲಸ ಅರ್ಧಕ್ಕರ್ಧ ಇಳಿಯಿತು ಎನ್ನುತ್ತಾರೆ ಎಂದು ಬ್ಯಾರಿಯವರು ಹೇಳಿದರು. ಹೇಳುವಾಗ ಅವರಿಗೆ ಖುಷಿಪಡಬೇಕೋ ಬೇಡವೋ ತಿಳಿಯದೆ, ಚಹಾ ಬಿಸಿಯಿಲ್ಲದಿದ್ದರೂ ಊದಿ ಊದಿ ಕುಡಿದರು.

ತೆಗೆದುಹಾಕಿದರು ಎಂದು ದಾಖಲೆಯಲ್ಲಿ ಬರುವುದು ಬೇಡ, ನೀವೇ ರಾಜೀನಾಮೆ ಕೊಡಿ ಎಂದು ಮ್ಯಾನೇಜರು ಹೇಳಿ ಕಳಿಸಿದರು. ಅದು ಕೂಡ ಒಳ್ಳೆಯ ಮನಸ್ಸಿನಿಂದಲೇ. ಇಕಾಮಾ ಮುಗಿಯುವ ತಾರೀಕು ಮಗಳ ಪರೀಕ್ಷೆಯ ನಡುವೆ ಬೀಳುತ್ತಿತ್ತು. ಸ್ವಲ್ಪ ಮುಂದೆ ಹಾಕಲು ಸಾಧ್ಯವೇ ಎಂದು ಕೇಳಿದ್ದಕ್ಕೆ, ಪ್ರಯತ್ನಿಸುತ್ತೇವೆ ಎಂದರು. ಪ್ರಯತ್ನಿಸಿದರೋ ಇಲ್ಲವೋ ಗೊತ್ತಿಲ್ಲ, ಆಗಲಿಲ್ಲ. ಉಳಿದ ಪರೀಕ್ಷೆಗಳನ್ನು ಎಲ್ಲಿ, ಯಾವಾಗ ಬರೆಯುವುದೆಂದು ಮಗಳು ಶಾಲೆಯ ಆಫೀಸಿಗೆ ಅಲೆಯುತ್ತಿದ್ದಳು. ನನ್ನ ಮೇಲೆ ಅವಳು ಒಮ್ಮೆಯೂ ರೇಗಲಿಲ್ಲ. "ಇಟ್ಸ್ ಓಕೆ, ಮಮ್ಮಿ," ಎಂದಳು, ಬ್ಯಾಗಿನ ಝಿಪ್ ಎಳೆಯುತ್ತಾ. ಆ ಝಿಪ್ ಎರಡು ಸಲ ಸಿಕ್ಕಿಕೊಂಡಿತು.

ರಾಜೀನಾಮೆ ಪತ್ರ ಬರೆದದ್ದು ಒಂದು ಭಾನುವಾರದ ಬೆಳಿಗ್ಗೆ, ಅದೇ ಮೇಜಿನಲ್ಲಿ. ಮಗಳಿಗೆ ಆ ದಿನ ಶಾಲೆ ಇರಲಿಲ್ಲ. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಎರಡೇ ಸಾಲು. ನಾನು ಎರಡೇ ಸಾಲು ಬರೆದೆ. ಕೊನೆಯಲ್ಲಿ ಚುಕ್ಕೆ ಇಟ್ಟು ಕೈ ಮಡಿಲಿಗೆ ಎಳೆದುಕೊಂಡೆ.

"ಆಯ್ತು. ಓದ್ಲಾ?" ಎಂದೆ.

ಅವರ ಹೆಬ್ಬೆರಳು ಮೇಜಿನ ಅಂಚನ್ನು ಸವರುತ್ತಿತ್ತು. ಆಮೇಲೆ, ಬಹಳ ಮೆದುವಾಗಿ, ನನಗೆ ನೋವಾಗಬಾರದೆಂದು ಯೋಚಿಸಿಯೇ ಆಡಿದ ಧ್ವನಿಯಲ್ಲಿ, ಒಳಕೋಣೆಯ ಕಡೆಗೆ ಕರೆದರು.

"ಮಗಾ, ಬಾ ಇಲ್ಲಿ. ಇದನ್ನೊಮ್ಮೆ ಓದಿ ಹೇಳು."

ನಾನು ಕುರ್ಚಿ ಬಿಟ್ಟು ಎದ್ದೆ. ಮಗಳು ಬಂದು ಅದರಲ್ಲಿ ಕೂತು, ಬಗ್ಗಿ, ಎರಡು ಸಾಲನ್ನೂ ಓದಿದಳು. "ದಟ್ಸ್ ಆಲ್, ಡ್ಯಾಡ್," ಎಂದಳು.

"ಮತ್ತೆ ಏನೂ ಇಲ್ವಲ್ಲ?"

"ನೋ. ನಥಿಂಗ್."

"ಹಾಗಾದ್ರೆ ಕಳಿಸು," ಎಂದರು.